ಮರೆವಿನವರ ಮನೆಗೆ ಸಂಜೆ ಹೊತ್ತಿಗೆ ಹೋಗ್ರಿ

ಹೊಳಲ್ಕೆರೆ ಹೊರಗಿನ ಒಂದು ಆರೈಕೆ ಮನೆಯಲ್ಲಿ ಒಬ್ಬ ಆಯಾ ನನ್ನನ್ನೇ ಮರೆವಿನ ಅಜ್ಜಿ ಅಂದುಕೊಂಡು, ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಊಟಕ್ಕೆ ಕೂರಿಸಿದ್ದಳು. ಇದನ್ನು ಹೇಳಿದಾಗಲೆಲ್ಲ ನಮ್ಮ ಮನೆಯವರು ಬಿದ್ದು ಬಿದ್ದು ನಗುತ್ತಾರೆ. ನಗಲಿ ಬಿಡಿ. ಆರೈಕೆ ಮನೆಯನ್ನು ಹೇಗೆ ನೋಡಬೇಕು ಅನ್ನುವುದನ್ನು ನಾನು ಕಲಿತದ್ದು ಆವತ್ತು ಆ ತಟ್ಟೆಯ ಮುಂದೆ ಕೂತಾಗ. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಸರೋಜಮ್ಮ. ದುರ್ಗದ ಒಂದು ಆಸ್ಪತ್ರೆಗೆ ನರ್ಸಾಗಿ ಸೇರಿ, ಸೂಜಿ ಚುಚ್ಚಿ, ಬ್ಯಾಂಡೇಜು ಸುತ್ತಿ, ಹೆರಿಗೆ ವಾರ್ಡಿನಲ್ಲಿ ಬೈದು ಬೈಸಿಕೊಂಡು, ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆಯ ವಿಭಾಗಕ್ಕೆ ಬಂದವಳು. ಯಾವಾಗ ಯಾವ ಬಡ್ತಿ ಸಿಕ್ಕಿತು ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಈಗ ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಮನೆಗೆ ಬಂದು, "ಆಂಟಿ, ರೋಗಿ ಕಡೆಯವರು ಬಂದು ಯಾವ ಕಡೆ ಸೇರಿಸಾಣ ಅಂತ ಕೇಳ್ತಾರೆ, ಏನು ಹೇಳಬೇಕು?" ಅನ್ನುತ್ತಾರೆ. ಒಂದು ಮಾತಿನಲ್ಲಿ ಹೇಳಿಬಿಡಿ ಅನ್ನುವ ಅವಸರ ಬೇರೆ. ನನಗೋ ಮೂಗಿನ ತುದಿಯಲ್ಲೇ ಕೋಪ. "ಒಂದು ಮಾತಿನಾಗೆ ಹೇಳೋದಾಗಿದ್ರೆ ನನಗ್ಯಾಕೆ ಅಷ್ಟು ವರ್ಷ ಸಂಬಳ ಕೊಡ್ತಿದ್ರು? ಕುಂತ್ಕಳ್ರಿ ಸುಮ್ನೆ" ಎಂದು ಕಾಫಿ ಇಟ್ಟು ಶುರು ಮಾಡುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ನಾನು ಆ ವಿಭಾಗಕ್ಕೆ ಬಂದ ಹೊಸದರಲ್ಲಿ ನಮ್ಮ ಮೇಲಿದ್ದ ದೊಡ್ಡ ಡಾಕ್ಟರು ಭಾರಿ ಗತ್ತಿನ ಮನುಷ್ಯ. ಯಾವ ಮುದುಕರನ್ನು ಕರೆತಂದರೂ ತಲೆ ಎತ್ತದೆ, "ವಯಸ್ಸಾಯ್ತು, ಅರಳುಮರಳು" ಎಂದು ನಿದ್ದೆ ಮಾತ್ರೆ ಬರೆದು ಗಂಟೆ ಒತ್ತುತ್ತಿದ್ದರು. ಮನೆಯವರೂ ಅದನ್ನೇ ಬಯಸುತ್ತಿದ್ದರು. ಮುದುಕರು ಮಲಗಿದರೆ ಸಾಕು ಅಂತ. ಅವರು ಹೋದ ಮೇಲೆ ಬಂದವರು ಪ್ರಸನ್ನ ಡಾಕ್ಟರು. ಇನ್ನೂ ಎಳೆಯ ಪ್ರಾಯ. ಕುರ್ಚಿಯನ್ನು ರೋಗಿಯ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತು ಮಾತಾಡುವವರು. ವಾರಕ್ಕೊಂದು ತಾಲ್ಲೂಕಿನಂತೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ನಮ್ಮನ್ನು ಜೀಪಿನಲ್ಲಿ ಸುತ್ತಿಸಿದರು. ಮನೆಯಲ್ಲಿ ನೋಡಿಕೊಳ್ಳಲು ಆಗುವವರಿಗೆ ಮನೆಯಲ್ಲೇ ಹೇಗೆ ಎಂದು ತೋರಿಸುವುದು, ಆಗದವರಿಗೆ ಒಳ್ಳೆಯ ಜಾಗ ಹುಡುಕಲು ಜೊತೆಗೆ ಹೋಗುವುದು, ಇದು ನನ್ನ ಪಾಲಿಗೆ ಬಂದ ಕೆಲಸ.

ಮೊದಮೊದಲು ಎಲ್ಲರಂತೆ ನಾನೂ ಬೆಳಿಗ್ಗೆ ಹೊತ್ತು ಹೋಗುತ್ತಿದ್ದೆ. ಬೆಳಿಗ್ಗೆ ಎಲ್ಲ ಮನೆಯೂ ಚೆಂದವೇ. ನೆಲ ಒರೆಸಿರುತ್ತಾರೆ, ಅಜ್ಜಿಯರಿಗೆ ಹೂ ಮುಡಿಸಿರುತ್ತಾರೆ, ಮ್ಯಾನೇಜರು ನಗುನಗುತ್ತಾ ಉಯ್ಯಾಲೆ ತೋರಿಸುತ್ತಾನೆ. ರಾಮಗಿರಿ ಕಡೆಯ ಒಬ್ಬಾಕೆ ಅಂಥ ಉಯ್ಯಾಲೆ ನೋಡಿ ಮರುಳಾಗಿ ತನ್ನ ಅತ್ತೆಯನ್ನು ಸೇರಿಸಿದಳು. ಆ ಅತ್ತೆ ಒಂದು ದಿನವೂ ಉಯ್ಯಾಲೆ ಹತ್ತಲಿಲ್ಲ. ಆಕೆಗೆ ಬೇಕಾಗಿದ್ದು ಸಂಜೆ ಹೊತ್ತು ಪಕ್ಕದಲ್ಲಿ ಕೂರುವ ಒಂದು ಜೀವ.

ಈ ಕಾಯಿಲೆ ಕಾಡುವುದು ಸಂಜೆಗೆ. ಬೆಳಕು ಇಳಿಯುತ್ತಿದ್ದ ಹಾಗೆ ಒಳಗೆ ಏನೋ ಗಡಿಬಿಡಿ ಏಳುತ್ತದೆ. ಮನೆಗೆ ಹೋಗಬೇಕು ಅನ್ನುತ್ತಾರೆ, ಯಾವತ್ತೋ ಸತ್ತುಹೋದ ಅಮ್ಮ ಕಾಯುತ್ತಿದ್ದಾಳೆ ಅನ್ನುತ್ತಾರೆ, ಅಳುತ್ತಾರೆ, ಬಾಗಿಲು ಬಡಿಯುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿರುವವರು ಏನು ಮಾಡುತ್ತಾರೆ ಅನ್ನುವುದನ್ನು ನೋಡಬೇಕು. ಹಾಗಾಗಿ ನಾನು ಸಂಜೆಗೆ, ಫೋನು ಮಾಡದೆ ಹೋಗಲು ಶುರು ಮಾಡಿದೆ.

ಇನ್ನೊಂದು, ಭಾಷೆ. ಧರ್ಮಪುರದ ಒಬ್ಬ ಅಜ್ಜಿಯನ್ನು ಮಕ್ಕಳು ಹೊಸದುರ್ಗದ ಒಂದು ಮನೆಗೆ ಸೇರಿಸಿದ್ದರು. ಮನೆ ಚೊಕ್ಕಟವಾಗಿತ್ತು, ಜನವೂ ಒಳ್ಳೆಯವರು. ಆದರೆ ಅಜ್ಜಿ ಮೂಗಿಯ ಹಾಗೆ ಕೂತುಬಿಟ್ಟಿತು. ಚಿಕ್ಕಂದಿನಲ್ಲಿ ಆಕೆಯ ಮನೆಯಲ್ಲಿ ತೆಲುಗು. ಮದುವೆಯಾದ ಮೇಲೆ ಕಲಿತ ಕನ್ನಡ ಮೊದಲು ಜಾರಿಹೋಗಿತ್ತು. ಹಿರಿಯೂರಿನಲ್ಲಿ ಒಂದು ಮನೆಯ ಅಡುಗೆಯಾಕೆ ಗಡಿಯಾಚೆಯ ತೆಲುಗಿನವಳು ಅಂತ ನನಗೆ ನೆನಪಾಯಿತು. ಅಜ್ಜಿಯನ್ನು ಅಲ್ಲಿಗೆ ಬದಲಾಯಿಸಿದೆವು. ಹೋದ ದಿನವೇ ಅಜ್ಜಿ ಅಡುಗೆಮನೆಗೆ ನುಗ್ಗಿ, ನಿನ್ನ ಸಾರಿಗೆ ಉಪ್ಪಿಲ್ಲ ಹುಳಿಯಿಲ್ಲ ಎಂದು ತೆಲುಗಿನಲ್ಲಿ ಝಾಡಿಸಿತಂತೆ. ಅಡುಗೆಯಾಕೆ ನನಗೆ ಫೋನು ಮಾಡಿ, "ಸಿಸ್ಟರ್, ನಿಮ್ಮಜ್ಜಿ ಬಾಯಿ ಬಂತು, ಈಗ ಮುಚ್ಚಾಕೆ ಆಗ್ತಿಲ್ಲ" ಅಂದಳು. ನನಗೆ ಆವತ್ತು ಎಷ್ಟು ಖುಷಿಯಾಯಿತೆಂದರೆ ಜೀಪಿನಲ್ಲಿದ್ದವರಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದೆ.

ಈಗ ನನ್ನ ಊಟದ ಕಥೆ. ಹೊಳಲ್ಕೆರೆ ಹೊರಗೆ ಒಂದು ಹಳೆಯ ಶೇಂಗಾ ಎಣ್ಣೆ ಮಿಲ್ಲಿತ್ತು. ಮಿಲ್ಲು ನಿಂತ ಮೇಲೆ ಅದರ ಕಾಂಪೌಂಡಿನಲ್ಲಿ ನಾಗವೇಣಿ ಅನ್ನುವ ಹೆಂಗಸು ಮರೆವಿನವರಿಗಾಗಿ ಒಂದು ಮನೆ ತೆರೆದಿದ್ದಳು. ಅಗಲವಾದ ಅಂಗಳ, ಒಂದು ಬೇವಿನ ಮರ, ಅಂಗಳದಿಂದ ದೊಡ್ಡ ಹಾಲಿಗೆ ಒಂದೇ ಒಂದು ಬಾಗಿಲು. ನಾನು ಸಂಜೆ ಹೊತ್ತಿಗೆ ಹೋಗಿ, ಯಾರಿಗೂ ಹೇಳದೆ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ನಾಲ್ಕಾರು ಅಜ್ಜಿಯರ ನಡುವೆ ಕೂತೆ. ಬಿಸಿಲಲ್ಲಿ ಬಂದು ಕೂದಲು ಕೆದರಿತ್ತು, ಸೆರಗು ಜಾರಿತ್ತು. ಹೊಸದಾಗಿ ಸೇರಿದ್ದ ಆಯಾ ಒಬ್ಬಳು ಬಂದವಳೇ ನನ್ನ ಕೈ ಹಿಡಿದು, "ಬಾರವ್ವ, ಉಂಬಾಣ" ಅಂದಳು. ನಾನು, "ಇಲ್ಲಮ್ಮ, ನಾನು ಆಸ್ಪತ್ರೆಯಿಂದ ಬಂದಿರೋಳು" ಅಂದೆ. "ಹೂಂ ಹೂಂ, ಎಲ್ರೂ ಅಲ್ಲಿಂದ್ಲೇ ಬಂದಿರಾದು. ನಿಧಾನಕ್ಕೆ ಬಾ, ಮೆಟ್ಲೈತೆ" ಅಂದಳು! "ನಾನು ನರ್ಸು ಕಣೇ" ಅಂದರೂ, "ಹೌದವ್ವ, ನೀನೇ ನರ್ಸು, ಉಂಡಾದ್ ಮ್ಯಾಲೆ ಎಲ್ರಿಗೂ ಸೂಜಿ ಹಾಕುವಂತೆ" ಎಂದು ನನ್ನನ್ನು ಕೂರಿಸಿ, ಕೈ ತೊಳೆಸಿ, ಮುದ್ದೆ ಮುರಿದು ಸಾರಿಗೆ ಹಾಕಿಕೊಟ್ಟಳು. ಜಗಳವಿಲ್ಲ, ಗದರಿಕೆಯಿಲ್ಲ. ಮುದ್ದೆ ಬಿಸಿಯಾಗಿತ್ತು. ನಾನು ಸುಮ್ಮನೆ ಉಂಡೆ. ಅಷ್ಟರಲ್ಲಿ ಒಳಗೆ ಬಂದ ನಾಗವೇಣಿಗೆ ನನ್ನ ಗುರುತಿತ್ತು, ನೋಡಿ ಹೌಹಾರಿಬಿಟ್ಟಳು. ನಾನೇ, "ಇರ್ಲಿ ಬಿಡು ಮಾರಾಯ್ತಿ, ಇನ್ನೊಂದು ಚೂರು ಸಾರು ಹಾಕ್ಸು" ಅಂದೆ. ನನ್ನನ್ನು ಯಾರೆಂದು ತಿಳಿಯದೆ ಹೀಗೆ ನೋಡಿಕೊಂಡರಲ್ಲ, ಅದಕ್ಕಿಂತ ಬೇರೆ ಏನು ನೋಡಬೇಕಿತ್ತು ನಾನು?

ಇಷ್ಟು ಹೇಳಿದ ಮೇಲೆ ಕಾಟಯ್ಯನ ವಿಷಯಕ್ಕೆ ಬರಬಹುದು. ನನ್ನ ನೌಕರಿಯಲ್ಲಿ ಯಾವ ಒಂದು ಪ್ರಸಂಗ ಮರೆಯಲಾರೆ ಎಂದು ಕೇಳಿದರೆ ಅದು ಕಾಟಯ್ಯನದೇ.

ಕಾಟಯ್ಯ ತುರುವನೂರು ಕಡೆಯ ಹಟ್ಟಿಯವನು. ಹುಟ್ಟಿದಾಗಿನಿಂದ ಕುರಿಯ ಹಿಂದೆಯೇ ನಡೆದವನು. ಉದ್ದನೆಯ ಆಳು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅವನನ್ನು ಕರೆತಂದವರು ಮಗ ಈರಣ್ಣ ಮತ್ತು ಮಗಳು ಮಂಜುಳ. ಈರಣ್ಣ ಈಗ ಆ ಕುರಿ ಮಂದೆ ನೋಡಿಕೊಳ್ಳುವವನು. ಮಂಜುಳ ದುರ್ಗದಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರು. ದಿನವಿಡೀ ಟಿಕೆಟ್ ಹರಿದು ಹರಿದು ಮಾತಿನಲ್ಲೂ ಚುರುಕು.

ಪ್ರಸನ್ನ ಡಾಕ್ಟರು ಎಂದಿನಂತೆ ಕುರ್ಚಿ ಹತ್ತಿರ ಎಳೆದುಕೊಂಡರು. "ಯಜಮಾನ್ರೇ, ಇಪ್ಪತ್ತರಿಂದ ಹಿಂದಕ್ಕೆ ಎಣಿಸ್ತೀರಾ?"

"ನಾನು ಎಣ್ಸಾದಿಲ್ಲ" ಅಂದ ಕಾಟಯ್ಯ.

"ಹೋಗ್ಲಿ ಬಿಡಿ. ಮನೇಲಿ ಕುರಿ ಎಷ್ಟಿವೆ?"

"ಅವೆ."

"ಎಷ್ಟು?"

"ಇರಾಷ್ಟು ಅವೆ."

ಡಾಕ್ಟರು ಮಗನ ಕಡೆ ತಿರುಗಿದರು. "ನೀವಾದ್ರೂ ಹೇಳಿ, ಎಷ್ಟಿವೆ?"

ಈರಣ್ಣ ಸೂರು ನೋಡುತ್ತಾ, "ಅವೆ ಸಾ, ದೇವ್ರು ಕೊಟ್ಟಾಷ್ಟು" ಅಂದ. ಡಾಕ್ಟರು ಮಂಜುಳನ ಕಡೆ ನೋಡಿದರು. ಬಸ್ಸಿನ ತುಂಬ ತಲೆ ಎಣಿಸುವ ಆ ಹುಡುಗಿ, "ನಂಗೊತ್ತಿಲ್ಲ ಸಾರ್" ಎಂದು ಕಾಲುಬೆರಳು ನೋಡತೊಡಗಿದಳು. ಡಾಕ್ಟರು ನನ್ನ ಕಿವಿಯ ಹತ್ತಿರ ಬಗ್ಗಿ, "ಸಿಸ್ಟರ್, ಮೂವರಿಗೂ ಪರೀಕ್ಷೆ ಮಾಡ್ಬೇಕೇನ್ರಿ?" ಅಂದರು.

ನನಗೆ ನಗು ತಡೆಯಲಾಗಲಿಲ್ಲ. ನನ್ನ ತವರು ಅದೇ ಕಡೆ. ಕುರಿಯವರು ಕುರಿಯನ್ನು ಎಣಿಸುವುದಿಲ್ಲ, ಎಷ್ಟಿವೆ ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ, ಮಂದೆ ಇಳಿಯುತ್ತದೆ ಅನ್ನುವ ಭಯ. ಸಂಜೆ ಕುರಿ ಕೂಡುವ ರೊಪ್ಪದ ಬಾಯಿಗೆ ನಿಂತು, ಒಂದೊಂದೇ ಒಳಗೆ ಹೋಗುವಾಗ ಬೆನ್ನ ಮೇಲೆ ಕೈಯಾಡಿಸುತ್ತಾರೆ. ಯಾವುದು ಬಂದಿಲ್ಲ ಎಂದು ಹಾಗೆಯೇ ಗೊತ್ತಾಗುತ್ತದೆ. ಇದನ್ನು ಹೇಳಿದ ಮೇಲೆ ಡಾಕ್ಟರು ಜೋರಾಗಿ ನಕ್ಕು, "ಹಂಗಾದ್ರೆ ಇವತ್ತು ನಾನೇ ಫೇಲು" ಅಂದು ಬೇರೆ ಪ್ರಶ್ನೆ ತೆಗೆದರು.

ಬೇರೆ ಪ್ರಶ್ನೆಗಳಲ್ಲಿ ಕಾಯಿಲೆ ಕಂಡಿತು. ಕಾಟಯ್ಯನಿಗೆ ಊರು ತಿಳಿಯದು, ಊಟ ಮಾಡಿದ್ದು ತಿಳಿಯದು. ಡಾಕ್ಟರು ಈರಣ್ಣನನ್ನು ತೋರಿಸಿ, "ಇವರು ಯಾರು?" ಎಂದಾಗ ಕಾಟಯ್ಯ ಮಗನ ಮುಖವನ್ನು ಬಹಳ ಹೊತ್ತು ನೋಡಿ, "ಯಾರ ಮಗನಪ್ಪ ನೀನು? ಯಾವ ಹಟ್ಟಿ?" ಎಂದು ಕೇಳಿದ. ಈರಣ್ಣ ಎದ್ದು ಹೊರಗೆ ಹೋದ. ವರಾಂಡದಲ್ಲಿ ಗೋಡೆಗೆ ಹಣೆ ಇಟ್ಟು ನಿಂತಿದ್ದ. ನಾನು ನೀರು ಕೊಟ್ಟೆ, ಕುಡಿಯಲಿಲ್ಲ.

ಮಂಜುಳ ನನಗೆ ಬೇರೆಯಾಗಿ ಸಿಕ್ಕು ಹೇಳಿದ್ದು ಇದು: "ಅಕ್ಕಾ, ಹೊತ್ತು ಇಳಿದ್ರೆ ಅಪ್ಪ ನಿಲ್ಲಾದಿಲ್ಲ. ಅಣ್ಣ ಕುರಿ ಹಿಂದೆ ಹೋಗಿರ್ತಾನೆ, ಅತ್ತಿಗೆ ಕೂಲಿಗೆ. ಮೊನ್ನೆ ತುರುವನೂರು ರಸ್ತೆಯಾಗೆ ನನ್ನ ಬಸ್ಸೇ ಗಕ್ಕಂತ ಬ್ರೇಕ್ ಹಾಕ್ತು. ಡ್ರೈವರ್ ಬೈಯಾಕೆ ಹತ್ತಿದ. ಮುಂದೆ ಬಂದು ನೋಡ್ತೀನಿ, ಅಪ್ಪ! ನಡು ರಸ್ತೆಯಾಗೆ ಕೋಲು ಅಡ್ಡ ಹಿಡಕಂಡು ಗಾಡಿ ನಿಲ್ಸವ್ನೆ. ಕುರಿ ದಾಟ್ತಾ ಅವೆ, ತಡ್ಕಳ್ರಿ ಅಂತಾನೆ. ಒಂದು ಕುರಿನೂ ಇಲ್ಲ ಅಲ್ಲಿ. ಇನ್ನೊಂದು ದಿನ ಬೇರೆ ಯಾರದೋ ಗಾಡಿ ಬಂದ್ರೆ ಏನಕ್ಕ ಗತಿ?"

ಅವಳು ಅತ್ತಳು. ನನಗೂ ಕಣ್ಣು ತುಂಬಿತು. ಒಳ್ಳೆಯ ಜಾಗ ಸಿಗದಿದ್ದರೆ ಈ ಮನುಷ್ಯ ರಸ್ತೆಯ ಮೇಲೆಯೇ ಹೋಗುತ್ತಾನೆ ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ.

ಈರಣ್ಣನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. "ಅಪ್ಪನ್ನ ಹೊರಗೆ ಹಾಕಿದ ಅಂಬ್ತಾರೆ ಹಟ್ಟಿಯಾಗೆ. ಈಗ್ಲೇ ನನ್ನ ಮರ್ತವ್ನೆ, ಅಲ್ಲಿ ಬಿಟ್ರೆ ನಾನು ಅನ್ನಾನು ಇದ್ದೆ ಅನ್ನಾದನ್ನೇ ಮರೀತಾನೆ" ಎಂದು ಹಟ ಹಿಡಿದ. ಕೊನೆಗೆ ಮಂಜುಳನ ಕಣ್ಣೀರಿಗೆ ಸೋತು ಒಂದು ಷರತ್ತು ಹಾಕಿದ. ಗೋಡೆ ಎತ್ತರ ಇರಬೇಕು, ಗೇಟಿಗೆ ಬೀಗ ಇರಬೇಕು, ಅಪ್ಪ ರಸ್ತೆಗೆ ಬರಬಾರದು.

ನಾನು ಮೊದಲೇ ನಾಗವೇಣಿಯ ಮನೆ ಹೇಳಿದ್ದೆ. ಈರಣ್ಣ ಅಲ್ಲಿನ ಕಾಂಪೌಂಡು ನೋಡಿದವನೇ ತಲೆ ಅಲ್ಲಾಡಿಸಿದ. "ಏನಕ್ಕ ಇದು? ಈ ಗೋಡೆನ ನಮ್ಮ ಟಗರು ನಿದ್ದೆಗಣ್ಣಾಗೆ ಹಾರ್ತೈತೆ." ಮಂಜುಳನಿಗೂ ಮಿಲ್ಲಿನ ಹಳೇ ತಗಡು ನೋಡಿ ಮನಸ್ಸಾಗಲಿಲ್ಲ. ಸರಿ, ನಿಮ್ಮಿಷ್ಟ ಎಂದು ಅವರಿಗೆ ಬೇಕಾದ ಥರದ ಮನೆಗಳನ್ನು ತೋರಿಸಲು ಹೊರಟೆ. ಇದನ್ನೂ ಕಲಿತುಕೊಳ್ಳಿ. ಮನೆಯವರ ಮೇಲೆ ನಮ್ಮ ಆಯ್ಕೆ ಹೇರಿದರೆ ಅದು ನಿಲ್ಲುವುದಿಲ್ಲ. ಅವರೇ ನೋಡಬೇಕು.

ಹಿರಿಯೂರು ರಸ್ತೆಯಲ್ಲಿ ಒಂದು ಮನೆಯಿತ್ತು. ಗೋಡೆ ಆನೆಯೂ ದಾಟದಷ್ಟು ಎತ್ತರ. ಈರಣ್ಣನ ಮುಖ ಅರಳಿತು. ನಾನು, "ಒಳಿಕೆ ಹೋಗಾಣ ಬಾ, ಇನ್ನೂ ಹೊತ್ತು ಮುಳುಗಿಲ್ಲ" ಎಂದು ಕರೆದುಕೊಂಡು ಹೋದೆ. ಹೊರಗೆ ಇನ್ನೂ ಬೆಳಕಿದೆ, ಒಳಗೆ ಪರದೆ ಎಳೆದು ಎಲ್ಲರನ್ನೂ ಮಲಗಿಸಿಬಿಟ್ಟಿದ್ದಾರೆ. ಸಾಲಾಗಿ ಹಾಸಿಗೆ, ಒಬ್ಬರೂ ಮಿಸುಕುತ್ತಿಲ್ಲ. ನನಗೆ ನಮ್ಮ ಹಳೆಯ ದೊಡ್ಡ ಡಾಕ್ಟರ ಮಾತ್ರೆ ನೆನಪಾಯಿತು. ಹೊರಗೆ ಬಂದ ಮೇಲೆ ಈರಣ್ಣನೇ, "ಬ್ಯಾಡ ಅಕ್ಕ. ಕಾಯಿಲೆ ಬಿದ್ದ ಕುರಿನೂ ನಾವು ಹಿಂಗೆ ಕೆಡವಾದಿಲ್ಲ" ಅಂದ.

ಎರಡನೆಯದು ದುರ್ಗದ ಹೊಸ ಬಡಾವಣೆಯಲ್ಲಿ. ಹೊಳೆಯುವ ಟೈಲ್ಸು, ಗಾಜಿನ ಬಾಗಿಲು, ಗೋಡೆಯೂ ಎತ್ತರ. ಸಂಜೆಗೆ ಎಲ್ಲರನ್ನೂ ಕೂರಿಸಿ ಭಜನೆ ಹಾಕುತ್ತಿದ್ದರು, ಕೆಟ್ಟ ಜನವೇನಲ್ಲ. ಅಣ್ಣ ತಂಗಿ ಇಬ್ಬರಿಗೂ ಹಿಡಿಸಿತು. ಕಾಟಯ್ಯನನ್ನು ಪ್ರಯೋಗಕ್ಕೆ ಕೆಲವು ದಿನ ಬಿಟ್ಟೆವು. ಬಿಡುವಾಗ ಮಕ್ಕಳು ಏನು ಮಾಡಿದರು ಗೊತ್ತಾ? ಅಂಥ ಜಾಗದಲ್ಲಿ ಅಪ್ಪ ಹಟ್ಟಿಯವನ ಹಾಗೆ ಕಾಣಬಾರದು ಅಂತ ಹೊಸ ಪೈಜಾಮ ತೊಡಿಸಿ, ಕಂಬಳಿ, ಕೋಲು ಎರಡನ್ನೂ ಮನೆಗೆ ಒಯ್ದರು. ಬರಿಗೈಯ ಕಾಟಯ್ಯ ನಾಲ್ಕು ದಿನಕ್ಕೇ ಅಲ್ಲಿ ಒಂದು ಕೆಲಸ ಹಚ್ಚಿಕೊಂಡ. ಸಂಜೆಯಾದರೆ ಗಾಜಿನ ಬಾಗಿಲ ಪಕ್ಕ ನಿಂತು, ಬಾಯಲ್ಲಿ ಹುರ್ರ್ ಹುರ್ರ್ ಎಂದು ಶಬ್ದ ಮಾಡಿ, ತೋಟದಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಒಳಗೆ ಬಿಡುವುದು. ಬೆನ್ನು ಸವರಿ ಬಿಡುವುದು. ಅಲ್ಲಿದ್ದ ಒಬ್ಬ ನಿವೃತ್ತ ಅಧಿಕಾರಿಯ ಮಗಳು ನೋಡಲು ಬಂದವಳು ಇದನ್ನು ಕಂಡು ಕೆಂಡವಾದಳು. ನಮ್ಮ ತಂದೆಯನ್ನು ಯಾರೋ ಕುರಿ ಮಾಡುತ್ತಿದ್ದಾರೆ ಅಂತ. ಮ್ಯಾನೇಜರು ಕಾಟಯ್ಯನನ್ನು ಸಂಜೆ ಹೊತ್ತು ಕೋಣೆಯಲ್ಲಿ ಇಡಲು ಹೇಳಿದರು. ಹಾಗೆ ಕೂಡಿಹಾಕಿದ ಮೂರನೇ ಸಂಜೆಗೆ ಅವನ ಅಂಗೈ ಬಾಗಿಲು ಬಡಿದು ಬಡಿದು ಊದಿತ್ತು. ಮಂಜುಳ ಡ್ಯೂಟಿ ಬಟ್ಟೆಯಲ್ಲೇ ಹೋಗಿ ಕರೆದುಕೊಂಡು ಬಂದಳು.

ನನಗೆ ಆ ಮಗಳ ಸಿಟ್ಟು ಅರ್ಥವಾಗುತ್ತದೆ. ಆದರೆ ಕಾಟಯ್ಯ ಯಾರನ್ನೂ ಕೀಳು ಮಾಡುತ್ತಿರಲಿಲ್ಲ. ಅವನು ಜೀವಮಾನದಲ್ಲಿ ಅತಿ ಜೋಪಾನ ಮಾಡಿದ್ದು ಯಾವುದನ್ನು, ಹೇಳಿ ನೋಡೋಣ?

ಈ ಸಲ ಅಣ್ಣ ತಂಗಿಯೇ, "ಅಕ್ಕಾ, ಆ ಮಿಲ್ಲಿನ ಮನೆ ಇನ್ನೊಂದ್ಸಲ ನೋಡಾಣ" ಅಂದರು. ನಾಗವೇಣಿಗೆ ಎಲ್ಲ ಹೇಳಿದೆ, ಬಾಗಿಲ ಪಕ್ಕದ ಕೆಲಸದ ಸಮೇತ. ಅವಳು ಸೊಂಟಕ್ಕೆ ಕೈಯಿಟ್ಟು, "ಅಯ್ಯೋ ಸಿಸ್ಟರ್, ಸಂಜೆಗೆ ಇವ್ರನ್ನ ಒಳಿಕೆ ಕರಿಯಾದ್ರಾಗೆ ನಮ್ಮ ಹೆಣ ಬೀಳ್ತೈತೆ. ಒಬ್ರು ಬಂದ್ರೆ ಇನ್ನೊಬ್ರು ಹೊರಗೆ. ಯಾರಾನ ಮಾಡ್ತೀನಿ ಅಂದ್ರೆ ಬ್ಯಾಡ ಅಂತೀನಾ? ಆದ್ರೆ ಮೊದ್ಲು ಎಲ್ರನ್ನೂ ಕೇಳ್ತೀನಿ, ಯಾರಿಗೆ ಇಷ್ಟ ಇಲ್ವೋ ಅವ್ರನ್ನ ಮುಟ್ಟಾದು ಬ್ಯಾಡ. ಅವ್ರ ಕೋಲು, ಕಂಬಳಿ ತಂದ್ಬಿಡ್ರಿ" ಅಂದಳು. ಅಲ್ಲಿದ್ದವರ ಮನೆಯವರಿಗೂ ಫೋನು ಮಾಡಿ ಹೇಳಿದಳು. ರುದ್ರಪ್ಪ ಮೇಷ್ಟ್ರು ಅಂತ ಒಬ್ಬರಿದ್ದರು, ಮಹಾ ಶಿಸ್ತಿನವರು, ಅವರ ಮಗ ಮಾತ್ರ ಹಿಂದುಮುಂದು ನೋಡಿದ. ಮೇಷ್ಟ್ರೋ ಮೊದಲ ಸಂಜೆಯೇ ಕಾಟಯ್ಯನ ಬಾಗಿಲಿಗೆ ಬಂದು ಎದೆ ಸೆಟೆಸಿ, "ಪ್ರೆಸೆಂಟ್ ಸಾರ್!" ಎಂದು ಒಳಗೆ ಹೋದರಂತೆ. ಆಮೇಲೆ ದಿನವೂ ಅವರದೇ ಮೊದಲ ಹಾಜರಿ. ಅವರ ಮಗ ಅದನ್ನು ನೋಡಿ ನಕ್ಕು ಸುಮ್ಮನಾದ.

ಕಾಟಯ್ಯ ಅಲ್ಲಿ ನೆಲದ ಮೇಲೆ ಕಂಬಳಿ ಹಾಸಿ ಮಲಗುತ್ತಿದ್ದ. ಊಟ ಸೇರುತ್ತಿತ್ತು. ಸಂಜೆಗೆ ಎಲ್ಲರನ್ನೂ ಒಳಗೆ ಬಿಟ್ಟ ಮೇಲೆ ರಸ್ತೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮಂಜುಳ ರಜೆ ಸಿಕ್ಕಾಗಲೆಲ್ಲ ಹೋಗಿ ತಲೆಗೆ ಎಣ್ಣೆ ಹಚ್ಚಿ ಬರುತ್ತಿದ್ದಳು. ನಾನು ಇನ್ನೇನು ಗೆದ್ದೆವು ಅಂದುಕೊಂಡಿದ್ದೆ.

ಆಗ ಒಂದು ಮಧ್ಯಾಹ್ನ ಮಂಜುಳನ ಫೋನು. ಹಿಂದೆ ಬಸ್ಸಿನ ಗದ್ದಲ. "ಅಕ್ಕಾ, ಅಣ್ಣ ಟೆಂಪೋ ಮಾಡ್ಕಂಡು ಅಪ್ಪನ್ನ ಕರಕಂಡು ಬರಾಕೆ ಹೊಂಟವ್ನೆ. ಹಟ್ಟಿಯಾಗೆ ಯಾರೋ ಅಂದ್ರಂತೆ, ಹೆತ್ತ ಅಪ್ಪನ್ನ ಮಾರಿಕಂಡ ಅಂತ. ನಾನು ಡ್ಯೂಟಿಯಾಗಿದೀನಿ. ನೀವಾರ ಹೋಗ್ರಿ ಅಕ್ಕಾ, ಅಪ್ಪ ಮತ್ತೆ ಆ ರಸ್ತೆಗೆ ಬರ್ತಾನೆ." ನಾನು ಸಿಕ್ಕ ಬಸ್ಸು ಹತ್ತಿ ಹೊಳಲ್ಕೆರೆಗೆ ಹೋದೆ.

ನಾನು ತಲುಪಿದಾಗ ಟೆಂಪೋ ಗೇಟಿನ ಹೊರಗೆ ನಿಂತಿತ್ತು. ಈರಣ್ಣ ಅಂಗಳದಲ್ಲಿ, ಮುಖ ಬಿಗಿದುಕೊಂಡು. ನನ್ನನ್ನು ಕಂಡು, "ಏನೂ ಹೇಳ್ಬ್ಯಾಡ್ರಿ ಅಕ್ಕ. ಸತ್ರೆ ನನ್ನ ಕಣ್ಮುಂದೆ ಸಾಯ್ಲಿ" ಅಂದ. ನನಗೆ ರೇಗಿತು. "ಲೇ ಈರಣ್ಣ, ಬಸ್ಸಿನ ಗಾಲಿಗೆ ಸಿಕ್ಕು ಸಾಯಾದೂ ನಿನ್ನ ಕಣ್ಮುಂದೇನೇ ಆಗ್ತೈತೆ, ಬೇಕಾ ನಿನಗೆ?" ಅಂದೆ. ಅವನು ಅಪ್ಪನಿದ್ದ ಕಡೆ ಕೈ ತೋರಿಸಿದ. "ಬಂದು ಮುಂದೆ ನಿಂತ್ರೆ ಯಾರಪ್ಪ ನೀನು ಅಂತಾನಕ್ಕ. ಇವತ್ತೂ ಅಂಗೇ ಅಂದ. ದೂರ ಇದ್ರೆ ಇನ್ನೇನು ಉಳೀತೈತೆ ನಂಗೆ?" ಅಂದ. ನಾಗವೇಣಿ ಹತ್ತಿರ ಬಂದು, "ಕರ್ಕಂಡು ಹೋಗಾದಾದ್ರೆ ಹೋಗ್ರಣ್ಣ. ಆದ್ರೆ ಈಗ ಅವ್ರ ಕೆಲ್ಸದ ಹೊತ್ತು. ಮುಗೀಲಿ" ಅಂದಳು.

ಬೇವಿನ ಮರದ ನೆರಳು ಉದ್ದವಾಗಿ ಬಾಗಿಲವರೆಗೆ ಬಂದಿತ್ತು. ಕಾಟಯ್ಯ ಕಂಬಳಿ ಹೆಗಲಿಗೆ ಹಾಕಿ ಬಾಗಿಲ ಪಕ್ಕ ನಿಂತ. ಹುರ್ರ್ ಎಂದ. ಬೆಂಚಿನ ಮೇಲಿದ್ದ ಅಜ್ಜಿಯರು ಎದ್ದರು. ಗೋಡೆ ಹಿಡಿದು ಓಡಾಡುತ್ತಿದ್ದವರು ತಿರುಗಿದರು. ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರ ಬೆನ್ನ ಮೇಲೂ ಅವನ ಕೈ ಮೆತ್ತಗೆ ಹಾಯಿತು. ಎಲ್ಲರೂ ಒಳಗಾದರು ಅಂದುಕೊಂಡು ಆಯಾ ಬಾಗಿಲು ಹಾಕಲು ಬಂದಳು. ಕಾಟಯ್ಯ ಕೋಲು ಅಡ್ಡ ಇಟ್ಟ.

"ಒಂದು ಬಂದಿಲ್ಲ" ಅಂದ.

ಈರಣ್ಣ ಹತ್ತಿರ ಹೋಗಿ, "ಅಪ್ಪ, ಇವು ನಮ್ಮ ಕುರಿ ಅಲ್ಲ. ಬಾ, ಊರಿಗೆ ಹೋಗಾಣ" ಎಂದು ತೋಳು ಹಿಡಿದ. ಕಾಟಯ್ಯ ಕದಲಲಿಲ್ಲ. ಅವನ ಮುಖದಲ್ಲಿ ಗಾಬರಿ. "ಒಂದು ಬಂದಿಲ್ಲ ಕಣಪ್ಪ. ಹೆಂಗೆ ಹೋಗ್ಲಿ?"

ಬೇರೆ ಕಡೆಯಾಗಿದ್ದರೆ, ಪಾಪ, ಕಾಯಿಲೆ ಎಂದು ಒಳಗೆ ಎಳೆದುಕೊಳ್ಳುತ್ತಿದ್ದರು. ನಾಗವೇಣಿ ಸೀದಾ ಹಾಲಿಗೆ ಹೋಗಿ ಎಲ್ಲರ ಮುಖ ನೋಡಿದಳು. ಹೊರಗೆ ಓಡಿಬಂದು, "ಮೇಷ್ಟ್ರು! ಮೇಷ್ಟ್ರಿಲ್ಲ!" ಅಂದಳು. ಆವತ್ತು ಟೆಂಪೋದವನು ತೆಗೆಸಿದ ಗೇಟು ಹಾಗೆಯೇ ತೆರೆದಿತ್ತು. ಈರಣ್ಣ ರಸ್ತೆಯ ಕಡೆ ಓಡಿದ, ಆಯಾಗಳು ಹಿತ್ತಿಲ ಕಡೆ, ನಾನು ನನ್ನ ಮಂಡಿ ನೋವನ್ನು ಎಳೆದುಕೊಂಡು ಮಿಲ್ಲಿನ ಹಿಂಭಾಗಕ್ಕೆ. ಹಳೆಯ ನೀರಿನ ತೊಟ್ಟಿಯ ಹಿಂದೆ ರುದ್ರಪ್ಪ ಮೇಷ್ಟ್ರು ನೆಲದ ಮೇಲೆ ಕೂತಿದ್ದರು. ಕಾಲು ಉಳುಕಿತ್ತು, ಏಳಲಾಗಿರಲಿಲ್ಲ, ಕೂಗಲೂ ತೋಚಿರಲಿಲ್ಲ. "ಸೈಕಲ್ ಎಲ್ಲಿಟ್ಟೆ ಅಂತ ನೋಡ್ತಿದ್ದೆ, ಸ್ಕೂಲಿಗೆ ಹೊತ್ತಾಯ್ತು" ಅಂದರು, ನನ್ನನ್ನು ಕಂಡು.

ನಾನು ಕೂಗಿದೆ. ರಸ್ತೆಯಿಂದ ಓಡಿ ಬಂದ ಈರಣ್ಣ ಬಗ್ಗಿ, ಎಳೆ ಮರಿಯನ್ನು ಎತ್ತಿಕೊಳ್ಳುವ ಹಾಗೆ ಮೇಷ್ಟ್ರನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅಂಗಳ ದಾಟಿ ಬಾಗಿಲಿಗೆ ಬಂದ. ಕಾಟಯ್ಯ ಅಲ್ಲೇ ನಿಂತಿದ್ದ, ಕೋಲು ಅಡ್ಡ ಹಿಡಿದುಕೊಂಡೇ. ಮೇಷ್ಟ್ರ ಬೆನ್ನು ಮುಟ್ಟಿದ. "ಪ್ರೆಸೆಂಟ್ ಸಾರ್" ಅಂದರು ಮೇಷ್ಟ್ರು ಈರಣ್ಣನ ತೋಳಿನಲ್ಲೇ. ಆಯಾ ಅವರನ್ನು ಇಳಿಸಿಕೊಂಡು ಒಳಗೆ ಒಯ್ದಳು.

ಈರಣ್ಣ ಹಿಂದೆ ಸರಿದು ಹೊಸ್ತಿಲ ಹೊರಗೆ ನಿಂತ. ಮೈಯೆಲ್ಲ ಬೆವರು. ಕಾಟಯ್ಯ ಅವನನ್ನು ನೋಡಿದ. ಆಸ್ಪತ್ರೆಯಲ್ಲಿ ನೋಡಿದ ಹಾಗೆಯೇ, ಬಹಳ ಹೊತ್ತು. ಹೆಸರು ಸಿಗಲಿಲ್ಲ, ಅದು ನನಗೆ ಕಾಣುತ್ತಿತ್ತು. ಆಮೇಲೆ ಕೈ ಎತ್ತಿ ಈರಣ್ಣನ ಬೆನ್ನ ಮೇಲೆ ಇಟ್ಟ. ಕತ್ತಿನಿಂದ ಸೊಂಟದವರೆಗೆ ನಿಧಾನವಾಗಿ ಸವರಿದ. ನಾಗವೇಣಿಯ ಕಡೆ ತಿರುಗಿ, "ಇದು ನಮ್ದು ಕಣವ್ವ. ಇದು ನಮ್ದೇ. ಒಳಿಕೆ ಬಿಡು" ಅಂದ.

ಈರಣ್ಣ ಮಗುವಿನ ಹಾಗೆ ಅತ್ತುಬಿಟ್ಟ. ಗೇಟಿನ ಹೊರಗೆ ಟೆಂಪೋದವನು ಹಾರ್ನು ಒತ್ತುತ್ತಿದ್ದ. ಈರಣ್ಣ ಕಣ್ಣೊರೆಸಿಕೊಂಡು, "ಹೋಗಪ್ಪ ನೀನು, ನಾನು ಉಂಡು ಬಸ್ಸಿಗೆ ಬರ್ತೀನಿ" ಎಂದು ಕೂಗಿ, ತಲೆ ಬಗ್ಗಿಸಿ ಒಳಗೆ ಹೋದ. ಅವನ ಹಿಂದೆ ನಾನು ಹೊಸ್ತಿಲು ದಾಟಿದೆ. ನನ್ನ ಬೆನ್ನ ಮೇಲೂ ಆ ದೊಡ್ಡ ಕೈ ಹಾದುಹೋಯಿತು. ಕಾಟಯ್ಯ ಅಂಗಳವನ್ನು ಒಂದು ಸಲ ನೋಡಿ, ತಾನೂ ಒಳಗೆ ಬಂದು, ಬಾಗಿಲು ಹಾಕಿಕೊಂಡ.